ಟ್ರೈಕೋ ಕಾರ್ಡ್ ಕಟ್ಟೋ ಮುಂಚೆ ತಾರೀಖು ನೋಡಿ

ಕಬ್ಬಿನ ಸುಳಿ ಒಣಗಿದ ಮೇಲೆ ಟ್ರೈಕೋ ಕಾರ್ಡ್ (ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡು) ಹುಡುಕಿಕೊಂಡು ಹೋದರೆ ಕೆಲಸ ಕೆಟ್ಟ ಹಾಗೇ. ಸುಳಿ ಎಳೆದಾಗ ಸಲೀಸಾಗಿ ಕೈಗೆ ಬಂದು ಬುಡ ನಾರುತ್ತಿದ್ದರೆ ಸುಳಿ ಕೊರೆಯುವ ಹುಳು ಆಗಲೇ ಒಳಗೆ ಸೇರಿದೆ. ಟ್ರೈಕೋಗ್ರಾಮ ಕಣಜ ಮುಟ್ಟುವುದು ಹುಳುವನ್ನಲ್ಲ, ಅದರ ಪತಂಗ ಇಟ್ಟ ಮೊಟ್ಟೆಯನ್ನು ಮಾತ್ರ. ಗರಿಯ ಅಡಿಭಾಗ ತಿರುಗಿಸಿ ನೋಡಿ: ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಪ್ಪಟೆ ಮೊಟ್ಟೆ ಸಾಲು. ಅವು ನಾಲ್ಕಾರು ದಿನದಲ್ಲಿ ಮರಿಯಾಗುತ್ತವೆ. ಕಣಜಕ್ಕೆ ಸಿಗೋದು ಅಷ್ಟೇ ಸಮಯ.

ನಾಟಿಯಾಗಿ 30 ದಿನಕ್ಕೆ ಶುರು ಮಾಡಿ, ಎಕರೆಗೆ ಒಂದು ಸಿಸಿ ಕಾರ್ಡಿನಂತೆ ವಾರ-ಹತ್ತು ದಿನಕ್ಕೊಮ್ಮೆ ನಾಲ್ಕರಿಂದ ಆರು ಸಲ ಕಟ್ಟಬೇಕು. ಗೆಣ್ಣು ಕೊರೆಯುವ ಹುಳುವಿಗಾದರೆ ನಾಲ್ಕನೇ ತಿಂಗಳಿಂದ 15 ದಿನಕ್ಕೊಮ್ಮೆ.

ಒಂದು ಸಿಸಿ ಅಂದರೆ 16ರಿಂದ 20 ಸಾವಿರ ಅಕ್ಕಿ ಪತಂಗದ ಮೊಟ್ಟೆ. ಕಣಜ ಹೊಕ್ಕ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಕಪ್ಪಾಗುತ್ತದೆ, ಏಳೆಂಟು ದಿನಕ್ಕೆ ಕಣಜ ಹೊರಬರುತ್ತದೆ. ಒಳ್ಳೇ ಕಾರ್ಡು ಕಪ್ಪು ಉಪ್ಪುಕಾಗದದ ಹಾಗಿರಬೇಕು. ಬಿಳಿ ಬಿಳಿ ಕಂಡರೆ ತಗೋಬೇಡಿ. ಹೊರಬರುವ ತಾರೀಖು ಕೇಳಿ, ಹಿಂದಿನ ಸಂಜೆಗೆ ಕಟ್ಟುವ ಹಾಗೆ ತನ್ನಿ. ಮೂರು ದಿನ ಮುಂಚೆ ಕಟ್ಟಿದರೆ ಇರುವೆಗೆ ಹಬ್ಬ. ಮಂಡ್ಯದ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನವೆಲ್ಲ ಸುತ್ತಿದರೆ ಮೊಟ್ಟೆ ಒಳಗೇ ಬೆಂದು ಹೋಗುತ್ತವೆ. ಒಂದೆರಡು ದಿನ ತಡವಾಗುವುದಾದರೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ, ಫ್ರೀಜರ್ ಬೇಡ.

ಅರ್ಧ ಮಿಲಿಮೀಟರ್ ಮೈಯ ಈ ಕಣಜ ಹತ್ತು ಮೀಟರ್ ಆಚೆಗೆ ಅಷ್ಟಾಗಿ ಹೋಗದು. ಹಾಗಾಗಿ ಇಡೀ ಕಾರ್ಡನ್ನು ಬದುವಿನ ಪಕ್ಕದ ಒಂದೇ ಪೈರಿಗೆ ಸಿಕ್ಕಿಸಿ ಬರುವುದು ದುಡ್ಡು ದಂಡ. ಕನಿಷ್ಠ 20 ತುಂಡು ಮಾಡಿ, ಹೊಲದ ಉದ್ದಗಲಕ್ಕೂ ಹಂಚಿ. ಗರಿಯ ಅಡಿಗೆ, ಮೊಟ್ಟೆ ನೆಲ ನೋಡುವಂತೆ ಸ್ಟೇಪ್ಲರ್ ಹೊಡೆಯಿರಿ. ಪಿನ್ನು ಮೊಟ್ಟೆ ಇಲ್ಲದ ಅಂಚಿಗೆ ಬೀಳಲಿ. ಮಳೆ ಬರುವ ಲಕ್ಷಣ ಇದ್ದರೆ ಮರುದಿನಕ್ಕೆ ಬಿಡಿ. ಕಟ್ಟುವ ಮುಂಚೆ, ಕಟ್ಟಿದ ಮೇಲೆ 10-15 ದಿನ ಕೀಟನಾಶಕ ಸಿಂಪಡಿಸಬೇಡಿ. ಪಕ್ಕದ ಹೊಲದವರ ಸ್ಪ್ರೇ ನಮ್ಮ ಕೈಲಿಲ್ಲ, ಆದರೂ ಒಂದು ಮಾತು ಕೇಳಿಟ್ಟುಕೊಳ್ಳಿ.

ಕಾರ್ಡು ಚೆನ್ನಾಗಿತ್ತೇ ಎಂದು ತಿಳಿಯಲು ಒಂದು ತುಂಡನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ ನೆರಳಲ್ಲಿಡಿ. ಬಟ್ಟೆ ಕಟ್ಟಿದರೆ ಸಂದಿಯಲ್ಲೇ ನುಸುಳಿಬಿಡುತ್ತವೆ. ನಾಲ್ಕು ದಿನ ಬಿಟ್ಟು ಭೂತಗನ್ನಡಿಯಲ್ಲಿ ಎಣಿಸಿ: ಕಣಜ ಹೊರಬಂದ ಮೊಟ್ಟೆಗೆ ಸೂಜಿಮೊನೆಯಷ್ಟು ದುಂಡನೆ ತೂತಿರುತ್ತದೆ. ನೂರಕ್ಕೆ ಎಂಬತ್ತಾದರೂ ತೂತು ಬಿದ್ದಿದ್ದರೆ ಕಾರ್ಡು ಸರಿ. ಅರ್ಧವೂ ಇಲ್ಲದಿದ್ದರೆ ಮುಂದಿನ ಸಲದ ಕಾರ್ಡು ಬೇರೆ ಕಡೆಯಿಂದ ತನ್ನಿ.