ಸೈಗಾನ್‌ಗೆ ಹೊರಟವರು ಮೊದಲು ನೋಟು ನೋಡಿಕೊಳ್ಳಿ

ವಿಯೆಟ್ನಾಂನ ಸೈಗಾನ್‌ಗೆ, ಅಂದರೆ ಈಗಿನ ಹೋ ಚಿ ಮಿನ್ ಸಿಟಿಗೆ ಹೊರಟಿದ್ದೀರಾ? ವೀಸಾ, ವಿಮಾನ, ನೋಡಬೇಕಾದ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಮೊದಲು ಹೇಳುವುದು ಎರಡು ನೋಟುಗಳ ವಿಷಯ. ಅಲ್ಲಿನ 20,000 ಡಾಂಗ್ ನೋಟೂ ನೀಲಿ, 500,000 ಡಾಂಗ್ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖ, ಎರಡೂ ಪ್ಲಾಸ್ಟಿಕ್ ನೋಟು. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಅಂತ ಲೆಕ್ಕ ಹಾಕಿದರೆ ಮೊದಲನೆಯದು ಅರವತ್ತೈದು ರೂಪಾಯಿ ಚಿಲ್ಲರೆ, ಎರಡನೆಯದು 1,600 ದಾಟುತ್ತದೆ.

ವಿಮಾನ ನಿಲ್ದಾಣದಿಂದ ನಗರದ ಮಧ್ಯಕ್ಕೆ ಏಳೆಂಟು ಕಿಲೋಮೀಟರ್ ಅಷ್ಟೇ. ನಾನು, ನಮ್ಮ ಯಜಮಾನರು ಹೋದಾಗ, ಹೊರಗೆ ಬರುತ್ತಿದ್ದ ಹಾಗೆ ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ಒಬ್ಬ ನಮ್ಮ ಟ್ರಾಲಿ ಹಿಡಿದು ಟ್ಯಾಕ್ಸಿ ಹತ್ತಿಸಿದ. ಮೀಟರ್ ಸರಿಯಾಗೇ ಓಡಿತು, 160,000 ಆಯಿತು. ಇವರು 500,000ದ ನೋಟು ಕೊಟ್ಟರು. ಡ್ರೈವರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಚಿಲ್ಲರೆ ಹುಡುಕಿದ ಹಾಗೆ ಮಾಡಿದ. ಮತ್ತೆ ತಿರುಗಿದಾಗ ಅವನ ಕೈಯಲ್ಲಿದ್ದದ್ದು 20,000ದ ನೋಟು. ‘ಟ್ವೆಂಟಿ, ಓನ್ಲಿ ಟ್ವೆಂಟಿ’ ಅಂತ ನಮ್ಮ ಮುಖಕ್ಕೇ ಹಿಡಿದ. ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಆದರೆ ಅವನು ಜಗ್ಗಲಿಲ್ಲ. ಲಗೇಜು ಡಿಕ್ಕಿಯಲ್ಲಿತ್ತು. ಕೊನೆಗೆ ನನ್ನ ಪರ್ಸಿನಲ್ಲಿದ್ದ 200,000 ಕೊಟ್ಟು ಬ್ಯಾಗು ಬಿಡಿಸಿಕೊಂಡೆವು. ಅದಕ್ಕೂ ಚಿಲ್ಲರೆ ಬರಲಿಲ್ಲ. ಐನೂರು ಚಿಲ್ಲರೆ ರೂಪಾಯಿಯ ದಾರಿಗೆ ಎರಡು ಸಾವಿರದ ಮೇಲೆ ಹೋಯಿತು. ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. ವಿಮಾನ ನಿಲ್ದಾಣದಲ್ಲಿ ಸ್ವಲ್ಪ ದುಡ್ಡು ಬದಲಾಯಿಸುವಾಗಲೇ ಸಣ್ಣ ನೋಟು ಕೇಳಿ ಪಡೆಯಿರಿ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಲಗೇಜು ಇಳಿಸಿಕೊಂಡ ಮೇಲೇ ದುಡ್ಡು ತೆಗೆಯಿರಿ, ನೋಟು ಎತ್ತಿ ಹಿಡಿದು ಎಷ್ಟು ಅಂತ ಬಾಯಿಬಿಟ್ಟು ಹೇಳಿ ಕೊಡಿ. ಎಲ್ಲಕ್ಕಿಂತ ಒಳ್ಳೆಯದು ಗ್ರ್ಯಾಬ್ ಆ್ಯಪ್. ನಮ್ಮ ಓಲಾ, ಊಬರ್ ಥರವೇ, ಬಾಡಿಗೆ ಮೊದಲೇ ಕಾಣುತ್ತದೆ. ಆಮೇಲೆ ಅಲ್ಲಿ ಇದ್ದಷ್ಟು ದಿನವೂ ನಾವು ಅದರಲ್ಲೇ ಓಡಾಡಿದೆವು, ಒಮ್ಮೆಯೂ ತಕರಾರು ಆಗಲಿಲ್ಲ.

ಇನ್ನು ರೂಮು. ‘ಎಲ್ಲದಕ್ಕೂ ಹತ್ತಿರ’ ಅನ್ನುವ ಮಾತು ನಂಬಿ ಬುಯಿ ವಿಯೆನ್ ರಸ್ತೆಯ ಪಕ್ಕ ರೂಮು ಹಿಡಿಯಬೇಡಿ. ಅದು ಬಾರ್‌ಗಳ ಬೀದಿ. ಒಂದೊಂದು ಬಾರಿನ ಸ್ಪೀಕರೂ ಪಕ್ಕದ ಬಾರಿಗಿಂತ ಜೋರು. ಮಧ್ಯರಾತ್ರಿ ಕಳೆದ ಮೇಲೂ ಮಂಚದ ಹಲಗೆ ನಡುಗುತ್ತಿತ್ತು. ಗದ್ದಲ ಇಷ್ಟಪಡುವ ವಯಸ್ಸಿನ ಹುಡುಗರಿಗೆ ಅದೇ ಮಜಾ ಇರಬಹುದು, ನನಗೆ ರಾತ್ರಿ ನಿದ್ದೆ ಬೇಕು. ಇನ್ನೊಂದು ವಿಷಯ. ಆ ಊರಿನಲ್ಲಿ ಕಿಟಕಿಯೇ ಇಲ್ಲದ ರೂಮುಗಳು ಬೇಕಾದಷ್ಟಿವೆ. ನಮ್ಮದರ ಫೋಟೋದಲ್ಲಿ ಚೆಂದದ ಪರದೆ ಇತ್ತು. ರೂಮಿಗೆ ಹೋಗಿ ಪರದೆ ಸರಿಸಿದರೆ ಹಿಂದೆ ಬರೀ ಗೋಡೆ! ಅದಕ್ಕೆ ದಿನಕ್ಕೆ 700,000 ಡಾಂಗ್. ಬುಕ್ ಮಾಡುವ ಮೊದಲು ‘ಹೊರಗೆ ತೆರೆಯುವ ಕಿಟಕಿ ಇದೆಯಾ’ ಅಂತ ಬರೆದು ಕೇಳಿ. ಆಮೇಲೆ ನಾವು ಅದೇ ನಗರದ ಡಿಸ್ಟ್ರಿಕ್ಟ್ 3 ಅನ್ನುವ ಭಾಗದ ಕಡೆ ಹೋದೆವು. ಅದಕ್ಕಿಂತ ಕಡಿಮೆ ದುಡ್ಡು, ಮರಗಳಿರುವ ರಸ್ತೆ, ಬೆಳಗ್ಗೆ ರೂಮಿಗೆ ಬಿಸಿಲು. 2025ರ ಜುಲೈಯಿಂದ ಸರ್ಕಾರ ಈ ಡಿಸ್ಟ್ರಿಕ್ಟ್‌ಗಳನ್ನು ತೆಗೆದುಹಾಕಿದೆ, ಆದರೂ ಜನ ಹಳೆಯ ಲೆಕ್ಕದಲ್ಲೇ ದಾರಿ ಹೇಳುತ್ತಾರೆ. ವಿಳಾಸದಲ್ಲಿ 185/22 ಅಂತ ಇದ್ದರೆ 185ನೇ ನಂಬರಿನ ಹತ್ತಿರ ಓಣಿ ಒಳಗೆ ಹೋಗುತ್ತದೆ, ಅದರೊಳಗಿನ 22ನೇ ಮನೆ ಅಂತ ಅರ್ಥ. ಇದು ಗೊತ್ತಿದ್ದರೆ ಸುಮ್ನೆ ಅಲೆಯುವುದು ತಪ್ಪುತ್ತದೆ.

ಊಟದ್ದೇ ನನಗೆ ದೊಡ್ಡ ಚಿಂತೆಯಾಗಿತ್ತು. ನಾವಿಬ್ಬರೂ ಸಸ್ಯಾಹಾರಿಗಳು, ಅಲ್ಲಿ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಚಪಾತಿ ತುಂಬಿಕೊಂಡು ಹೋಗಿದ್ದೆ. ಅರ್ಧ ವಾಪಸ್ ಬಂತು. ಕಾರಣ ‘ಚಾಯ್’ ಅಂಗಡಿಗಳು. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಅಂತ ನಾಲ್ಕು ಅಕ್ಷರ ಕಂಡರೆ ಒಳಗೆ ಹೋಗಿ. ಅದು ಬೌದ್ಧರ ಸಸ್ಯಾಹಾರದ ಅಂಗಡಿ. ಮೀನಿನ ಸಾಸ್ ಬದಲು ಸೋಯಾ ಸಾಸ್ ಇಡುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಮಾಂಸದ ತುಂಡು, ಮೀನಿನ ಹೋಳು ಇದ್ದ ಹಾಗೆ ಕಂಡರೆ ಗಾಬರಿಯಾಗಬೇಡಿ. ಅವೆಲ್ಲ ಸೋಯಾ, ಅಣಬೆಗಳಿಂದ ಮಾಡಿದವು.

ನಾವು ದಿನಾ ಹೋಗುತ್ತಿದ್ದದ್ದು ಒಂದು ಓಣಿಯೊಳಗಿನ ಅಂಗಡಿಗೆ. ಹಳದಿ ಬೋರ್ಡು, ಗಿಡ್ಡ ಪ್ಲಾಸ್ಟಿಕ್ ಸ್ಟೂಲು, ಗೋಡೆಯ ಮೇಲೆ ಬುದ್ಧನ ಪಟ. ಅಂಗಡಿಯ ಅಜ್ಜಿ ಅನ್ನ ಹಾಕಿ ತಟ್ಟೆ ಹಿಡಿದು ನಿಲ್ಲುತ್ತಾರೆ, ಬೇಕಾದ್ದನ್ನು ನೀವು ಬೆರಳು ಮಾಡಿ ತೋರಿಸಬೇಕು. ಮಜ್ಜಿಗೆಹುಲ್ಲು ಹಾಗೂ ಮೆಣಸಿನಕಾಯಿ ಹಾಕಿ ಹುರಿದ ತೋಫು, ಮಣ್ಣಿನ ಪಾತ್ರೆಯಲ್ಲಿ ಕರಿಮೆಣಸು ಹಾಕಿ ಬತ್ತಿಸಿದ ಅಣಬೆ, ಒಂದು ಸೊಪ್ಪು. ಜೊತೆಗೆ ಬಟ್ಟಲಿನಲ್ಲಿ ಹುಳಿ ಸೂಪು. ಹುಣಸೆಹಣ್ಣು, ಟೊಮೆಟೊ, ಅನಾನಸ್, ಬೆಂಡೆಕಾಯಿ ಹಾಕಿದ್ದು. ಚಮಚದಲ್ಲಿ ಎತ್ತಿದಾಗ ರಂಧ್ರ ರಂಧ್ರದ ಹಸಿರು ಹೋಳು ಬಂತು. ಬಾಯಿಗಿಟ್ಟರೆ ಕೆಸುವಿನ ದಂಟು! ನಾನು ಶಿರಸಿ ಕಡೆಯವಳು. ‘ರೀ, ಇದು ನಮ್ಮಮ್ಮ ಮಾಡುವ ದಂಟಿನ ಹುಳಿಯೇ’ ಅಂದೆ. ಇವರು ಮಾತಾಡದೆ ಇನ್ನೊಂದು ಬಟ್ಟಲು ತಂದುಕೊಂಡರು. ಒಂದು ತಟ್ಟೆಗೆ 35,000 ಡಾಂಗ್, ಅಂದರೆ ನೂರಿಪ್ಪತ್ತು ರೂಪಾಯಿಯ ಒಳಗೆ. ಐಸ್ ಹಾಕಿದ ತಿಳಿ ಚಹಾ ಬಿಟ್ಟಿ. ನನಗೆ ಚಮಚದಲ್ಲಿ ಸೊಪ್ಪು ಎತ್ತಲು ಬರದಿದ್ದಾಗ ಅಜ್ಜಿ ಬಂದು ಚಾಪ್‌ಸ್ಟಿಕ್ ಹಿಡಿಯುವ ಬೆರಳು ಸರಿಮಾಡಿ ಕೊಟ್ಟರು.

ಅಲ್ಲಿನ ಚಾಂದ್ರಮಾನದ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ, ಎಷ್ಟೋ ಜನ ಮಾಂಸ ಬಿಡುತ್ತಾರೆ. ಅವತ್ತು ಈ ಅಂಗಡಿಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ, ಆದರೆ ತಿಂಡಿಗಳ ಬಗೆ ಜಾಸ್ತಿ ಇರುತ್ತದೆ. ಹನ್ನೊಂದೂವರೆಗೇ ಹೋಗಿಬಿಡಿ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇನ್ನೊಂದು ಮಾತು. ಹಳೆಯ ಪದ್ಧತಿ ಪಾಲಿಸುವ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಭಾರತೀಯ ಹೋಟೆಲುಗಳೂ ಇವೆ. ಒಮ್ಮೆ ಹೋದೆವು, ಇದರ ನಾಲ್ಕು ಪಟ್ಟು ಬಿಲ್ಲು, ದಾಲ್ ನೀರುನೀರು. ದಯವಿಟ್ಟು ಚಾಯ್ ಅಂಗಡಿಗೇ ಹೋಗಿ.

ರಸ್ತೆ ದಾಟುವುದು ಮೊದಲ ದಿನ ಭಯವೇ. ಸ್ಕೂಟರ್‌ಗಳ ಹರಿವು ನಿಲ್ಲುವುದೇ ಇಲ್ಲ. ನಿಧಾನಕ್ಕೆ, ಒಂದೇ ವೇಗದಲ್ಲಿ ನಡೆಯುತ್ತಾ ಹೋಗಿ, ಅವರೇ ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ಓಡಬೇಡಿ, ಮುಖ್ಯವಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ. ಬಸ್ಸು, ಕಾರು ಬಂದರೆ ಮಾತ್ರ ನಿಲ್ಲಿ, ಅವು ತಿರುಗಿಸುವುದಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ನಿಂತು ಮೊಬೈಲ್ ನೋಡಬೇಡಿ, ಸ್ಕೂಟರ್‌ನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ.

ಬೆನ್ ಥಾನ್ ಮಾರುಕಟ್ಟೆ ನನಗೆ ಹಿಡಿಸಲಿಲ್ಲ. ತೋಳು ಹಿಡಿದು ಎಳೆಯುತ್ತಾರೆ, ಮೂರು ಪಟ್ಟು ಬೆಲೆ ಹೇಳುತ್ತಾರೆ. ಹೊರಗಿನಿಂದ ಗಡಿಯಾರದ ಗೋಪುರ ನೋಡಿ, ಅಲ್ಲೇ ಹತ್ತಿರದ ತ್ರುವೊಂಗ್ ದಿನ್ ರಸ್ತೆಗೆ ನಡೆದುಬಿಡಿ. ಅಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ. ಇವತ್ತು ಬರುವ ಭಕ್ತರಲ್ಲಿ ಹೆಚ್ಚಿನವರು ವಿಯೆಟ್ನಾಂನವರೇ. ಅಗರಬತ್ತಿ ಹಚ್ಚಿ, ಗರ್ಭಗುಡಿಯ ಹಿಂದಿನ ಗೋಡೆಗೆ ಹಣೆ, ಅಂಗೈ ಒತ್ತಿ ಹರಕೆ ಹೇಳಿಕೊಳ್ಳುತ್ತಾರೆ. ಆಫೀಸಿನ ಬಟ್ಟೆಯಲ್ಲಿದ್ದ ಒಬ್ಬ ಹುಡುಗಿ ಹಾಗೇ ಎಷ್ಟೋ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ನಮ್ಮ ಮಾರಮ್ಮ ಎಲ್ಲಿಗೆ ಬಂದು ಯಾರನ್ನು ಕಾಯುತ್ತಿದ್ದಾಳೆ ನೋಡಿ ಅನಿಸಿ ನನಗೆ ಕಣ್ಣು ತುಂಬಿಬಂತು.

ಯುದ್ಧದ ವಸ್ತುಸಂಗ್ರಹಾಲಯಕ್ಕೆ ಬೆಳಗ್ಗೆಯೇ ಹೋಗಿ, ಟಿಕೆಟ್ 40,000 ಡಾಂಗ್. ವಿಯೆಟ್ನಾಂ ಯುದ್ಧದಲ್ಲಿ ಗಿಡಮರಗಳ ಎಲೆ ಉದುರಿಸಲು ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್ ಅನ್ನುವ ವಿಷದಿಂದ ಅಂಗವಿಕಲರಾದವರ ಫೋಟೋಗಳು ಅಲ್ಲಿವೆ. ಚಿಕ್ಕ ಮಕ್ಕಳನ್ನು ಆ ಕೋಣೆಗೆ ಕರೆದೊಯ್ಯಬೇಡಿ. ಅವತ್ತು ಮಧ್ಯಾಹ್ನಕ್ಕೆ ಬೇರೇನೂ ಇಟ್ಟುಕೊಳ್ಳಬೇಡಿ, ನಮಗಂತೂ ಆಮೇಲೆ ಎಲ್ಲಿಗೂ ಹೋಗುವ ಮನಸ್ಸಾಗಲಿಲ್ಲ. ಮೇಕಾಂಗ್ ನದಿಯ ದೋಣಿ ಪ್ರವಾಸಕ್ಕೂ ಹೋಗಿದ್ದೆವು, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಅದಕ್ಕಿಂತ 2024ರ ಡಿಸೆಂಬರ್‌ನಲ್ಲಿ ಶುರುವಾದ ಮೆಟ್ರೋದಲ್ಲಿ ಬೆನ್ ಥಾನ್‌ನಿಂದ ಕೊನೆಯ ನಿಲ್ದಾಣದವರೆಗೆ ಹೋಗಿಬನ್ನಿ. ನಗರದ ಮಧ್ಯ ದಾಟಿದ ಮೇಲೆ ರೈಲು ಮೇಲೆ ಓಡುತ್ತದೆ. ನದಿ, ಊರು ಎಲ್ಲಾ ಎಸಿಯಲ್ಲಿ ಕೂತು ನೋಡಬಹುದು.

ತಿಂಗಳು ಆರಿಸುವುದಾದರೆ ಡಿಸೆಂಬರ್ ಒಳ್ಳೆಯದು, ಮಳೆ ಕಡಿಮೆ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಹೋಗುವವರು ಅವರ ಹೊಸವರ್ಷದ ಟೆಟ್ ಹಬ್ಬ ಯಾವ ವಾರ ಅಂತ ನೋಡಿಕೊಳ್ಳಿ. ಆಗ ಎಲ್ಲರೂ ಊರಿಗೆ ಹೋಗುತ್ತಾರೆ, ಓಣಿಯ ಸಣ್ಣ ಅಂಗಡಿಗಳಿಗೆ ಬಾಗಿಲು. ಆ ವಾರವೇ ಹೋಗಲೇಬೇಕಾದರೆ ಅವಲಕ್ಕಿ, ಚಟ್ನಿಪುಡಿ ಜಾಸ್ತಿ ಇಟ್ಟುಕೊಳ್ಳಿ.