ವಿರಾಮಕ್ಕಾಗಿ ಭಾಷಣ: ನಮ್ಮ ಟೆಡ್‌ಎಕ್ಸ್ ತಯಾರಿ ಎಲ್ಲಿಗೆ ಬಂತು

ಪರವಾನಗಿ

ಅಂತೂ ಪರವಾನಗಿ ಬಂತು. ಟೆಡ್ ಎಂದರೆ ವಿಚಾರಗಳ ಚುಟುಕು ಭಾಷಣಗಳಿಗೆಂದೇ ಸಮ್ಮೇಳನ ನಡೆಸುವ ಅಮೆರಿಕದ ಸಂಸ್ಥೆ; ಅದರ ಪರವಾನಗಿ ಪಡೆದು ಆಯಾ ಊರಿನವರೇ ನಡೆಸುವ ಅಂಥದೇ ಕಾರ್ಯಕ್ರಮ ಟೆಡ್‌ಎಕ್ಸ್. ಪರವಾನಗಿಗೆ ಹಣ ಕಟ್ಟಬೇಕಿಲ್ಲ, ಆದರೆ ನಿಯಮಗಳಿಗೇನೂ ಕಡಿಮೆಯಿಲ್ಲ. ಭಾಷಣಕಾರರಿಗೆ ಸಂಭಾವನೆ ಕೊಡುವಂತಿಲ್ಲ, ಅವರಿಂದ ಹಣ ತೆಗೆದುಕೊಳ್ಳುವಂತೆಯೂ ಇಲ್ಲ. ಯಾರು ಮಾತಾಡಬೇಕು, ಏನು ಮಾತಾಡಬೇಕು ಎಂಬುದರಲ್ಲಿ ಪ್ರಾಯೋಜಕರು ಮೂಗು ತೂರಿಸಕೂಡದು. ಯಾರೊಬ್ಬರ ಭಾಷಣವೂ 18 ನಿಮಿಷ ದಾಟಬಾರದು. ಪ್ರಧಾನ ಸಂಘಟಕರು ಟೆಡ್‌ನ ಸಮ್ಮೇಳನವೊಂದಕ್ಕೆ ಹೋಗಿಬಂದವರಲ್ಲದಿದ್ದರೆ ಪ್ರೇಕ್ಷಕರು 100 ಮಂದಿ ಮಾತ್ರ. ನಮ್ಮ ತಂಡದಲ್ಲಿ ಯಾರೂ ಹೋದವರಿಲ್ಲ, ಹಾಗಾಗಿ ನೂರೇ.

ಈ ನೂರರ ಲೆಕ್ಕಕ್ಕೆ ತಂಡದಲ್ಲಿ ಕೆಲವರು ಮುಖ ಸಪ್ಪೆ ಮಾಡಿಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಮೊದಲ ಟೆಡ್ ನಡೆದದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ. ರಿಚರ್ಡ್ ಸಾಲ್ ವರ್ಮನ್ ಮತ್ತು ಹ್ಯಾರಿ ಮಾರ್ಕ್ಸ್ ಸೇರಿ ನಡೆಸಿದ ಆ ಸಮ್ಮೇಳನದಲ್ಲಿ ಕಾಂಪ್ಯಾಕ್ಟ್ ಡಿಸ್ಕ್‌ನ ಪ್ರದರ್ಶನವಿತ್ತು, ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಫ್ರ್ಯಾಕ್ಟಲ್‌ಗಳ (ಎಷ್ಟು ಹತ್ತಿರದಿಂದ ನೋಡಿದರೂ ಅದೇ ವಿನ್ಯಾಸ ಮರುಕಳಿಸುವ ಆಕೃತಿಗಳ) ಬಗ್ಗೆ ಮಾತಾಡಿದ್ದರು. ಆದರೂ ನಷ್ಟವಾಗಿ, ಮತ್ತೊಂದು ಸಮ್ಮೇಳನ ನಡೆಯಲು 1990 ಬರಬೇಕಾಯಿತು. ಆಗೆಲ್ಲ ಆ ಮಾತು ಕೇಳಬೇಕೆಂದರೆ ಆ ಕೋಣೆಯಲ್ಲೇ ಇರಬೇಕಿತ್ತು. 2006ರ ಜೂನ್‌ನಲ್ಲಿ ಭಾಷಣಗಳ ವಿಡಿಯೊ ಎಲ್ಲರಿಗೂ ಉಚಿತವಾಗಿ ಸಿಗತೊಡಗಿದ ಮೇಲೆ ಆ ಕಟ್ಟುಪಾಡು ಹೋಯಿತು. ಭಾಷಣ ಕೇಳುವುದಕ್ಕಾಗಿಯೇ ಒಂದು ದಿನ ರಜೆ ಹಾಕಿ ಸಭಾಂಗಣಕ್ಕೆ ಬರಬೇಕಾದ ಅಗತ್ಯ ಈಗ ಯಾರಿಗೂ ಇಲ್ಲ. ಹಾಗಿದ್ದರೂ ಬರುವವರು ಏಕೆ ಬರುತ್ತಾರೆ? ಪಕ್ಕದಲ್ಲಿ ಕೂತ ಅಪರಿಚಿತರಿಗಾಗಿ ಎಂಬುದು ನನ್ನ ಲೆಕ್ಕ. ಆದ್ದರಿಂದ ಈ ವರ್ಷದ ನಮ್ಮ ಯೋಜನೆಯನ್ನು ತಿರುಗುಮುರುಗು ಮಾಡಿದ್ದೇವೆ: ಮೊದಲು ವಿರಾಮಗಳನ್ನು ಗುರುತು ಹಾಕಿಕೊಂಡು, ಅವುಗಳ ನಡುವೆ ಭಾಷಣಗಳನ್ನು ಜೋಡಿಸುತ್ತಿದ್ದೇವೆ.

ಭಾಷಣಕಾರರು

ಅರ್ಜಿಗಳ ರಾಶಿಯಲ್ಲಿ ಹೆಚ್ಚಿನವು ಒಂದೇ ಥರ: ‘ನನ್ನ ಬದುಕೇ ಸ್ಫೂರ್ತಿ’. ಬದುಕು ಇರಲಿ ಸ್ವಾಮಿ, ವಿಚಾರ ಯಾವುದು? ಒಂದು ವಾಕ್ಯದಲ್ಲಿ ಹೇಳಿ ಎಂದು ಎಲ್ಲರಿಗೂ ಮರುಪತ್ರ ಬರೆದೆವು. ಅರ್ಧಕ್ಕರ್ಧ ಜನ ಉತ್ತರಿಸಲೇ ಇಲ್ಲ, ನಮ್ಮ ಕೆಲಸ ಅಷ್ಟು ಹಗುರವಾಯಿತು.

ಆಮೇಲೆ ಪರಿಶೀಲನೆಯ ಕೆಲಸ. ಹುಸಿ ವಿಜ್ಞಾನದ ಬಗ್ಗೆ ಎಚ್ಚರವಿರಲಿ ಎಂದು ಟೆಡ್‌ನವರು 2012ರ ಡಿಸೆಂಬರ್‌ನಲ್ಲೇ ಟೆಡ್‌ಎಕ್ಸ್ ಸಂಘಟಕರಿಗೆಲ್ಲ ಪತ್ರ ಬರೆದಿದ್ದರು. ಅದನ್ನು ನಮ್ಮ ಆಯ್ಕೆ ಸಮಿತಿಯ ಎಲ್ಲರಿಗೂ ಓದಿಸಿದ್ದೇನೆ. ‘ಕ್ವಾಂಟಮ್’ ಎಂಬ ಪದ ಭೌತವಿಜ್ಞಾನದವರಲ್ಲದವರ ಅರ್ಜಿಯಲ್ಲಿ ಕಂಡರೆ ಈಗ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಮನಸ್ಸಿನ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎಂದ ಒಬ್ಬರನ್ನು ಕೈಬಿಟ್ಟೆವು. ಮಾತುಗಾರಿಕೆಯಲ್ಲಿ ಉಳಿದವರೆಲ್ಲರಿಗಿಂತ ಅವರೇ ಮುಂದಿದ್ದರು, ಭಯ ಹುಟ್ಟಿದ್ದೂ ಅದಕ್ಕೇ.

ಕತ್ತರಿ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದದ್ದು, ಸುಸ್ತು ಮಾಡಿದ್ದೂ ಭಾಷಣಗಳನ್ನು ಕತ್ತರಿಸುವ ಈ ಕೆಲಸವೇ. ಬಾವಲಿಗಳನ್ನು ಅಧ್ಯಯನ ಮಾಡುವ ಸಂಶೋಧಕಿಯೊಬ್ಬರು ಮೊದಲ ತಾಲೀಮಿಗೆ ಒಂದು ಗಂಟೆಯ ಉಪನ್ಯಾಸ ತಂದಿದ್ದರು. ಬಾವಲಿಗಳ ವಿಕಾಸ, ಪ್ರಭೇದಗಳು, ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುವ ರೀತಿ, ರೋಗಾಣು, ಸಂರಕ್ಷಣೆ, ಎಲ್ಲವೂ ಇತ್ತು. ಎಲ್ಲವೂ ನಿಜ, ಎಲ್ಲವೂ ಚೆನ್ನ. ನಡುವೆ ಎಲ್ಲೋ ಒಂದು ಕಡೆ, ಕೂಗಿದ ಸದ್ದು ತನ್ನ ಕಿವಿಯನ್ನೇ ಕೆಡಿಸದಿರಲು ಬಾವಲಿ ಕೂಗುವ ಕ್ಷಣದಲ್ಲಿ ಕಿವಿಯೊಳಗಿನ ಪುಟ್ಟ ಸ್ನಾಯುವನ್ನು ಬಿಗಿಹಿಡಿಯುತ್ತದೆ, ಪ್ರತಿಧ್ವನಿ ಮರಳುವಷ್ಟರಲ್ಲಿ ಸಡಿಲಿಸುತ್ತದೆ ಎಂದು ಹೇಳಿ ಮುಂದೆ ಹೋದರು. ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದ್ದು ಅಲ್ಲೇ. ಈಗ ಭಾಷಣ ಅಲ್ಲಿಂದಲೇ ಶುರುವಾಗುತ್ತದೆ. ರೋಗಾಣುವಿನ ಭಾಗ ಪೂರ್ತಿ ಹೋಯಿತು. ಅದಕ್ಕಾಗಿ ಅವರು ನನ್ನ ಜೊತೆ ಎರಡು ಸಂಜೆ ಜಗಳವಾಡಿದರು, ಆ ಜಗಳ ನ್ಯಾಯವಾದದ್ದೇ. ಬಿಟ್ಟದ್ದನ್ನು ವಿರಾಮದಲ್ಲಿ ಜನರೇ ಬಂದು ಕೇಳುತ್ತಾರೆ, ಅಲ್ಲಿ ಹೇಳಿ ಎಂದೆ. ಹಾಗೆ ಹೇಳುವಾಗಲೇ ನನಗೂ ಅದು ಖಚಿತವಾಯಿತು: ಭಾಷಣದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದವರ ಹತ್ತಿರ ಆಮೇಲೆ ಯಾರೂ ಸುಳಿಯುವುದಿಲ್ಲ.

ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷಿನ ಲೆಕ್ಕ ನಮಗೆ ಹೊಂದಲಿಲ್ಲ, ವಿಭಕ್ತಿಯೆಲ್ಲ ಅಂಟಿಕೊಂಡ ಕನ್ನಡದ ಪದ ಉದ್ದ. ಗಟ್ಟಿಯಾಗಿ ಓದಿಸಿ ಗಡಿಯಾರ ನೋಡುವುದೊಂದೇ ದಾರಿ. ತಾಲೀಮಿನಲ್ಲಿ 15 ನಿಮಿಷಕ್ಕೆ ನಿಲ್ಲಿಸುತ್ತಿದ್ದೇವೆ. ವೇದಿಕೆಯ ಮೇಲೆ ನಗು, ಚಪ್ಪಾಳೆ, ನೀರು ಕುಡಿಯುವುದು ಎಲ್ಲ ಸೇರಿಕೊಳ್ಳುತ್ತವಲ್ಲ. ಸಮಯ ಮೀರಿದವರ ಕಡೆಗೆ ವರ್ಮನ್ ವೇದಿಕೆಯ ಮೇಲೇ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತಿದ್ದರಂತೆ. ನಮ್ಮಲ್ಲಿ ಅಷ್ಟು ಧೈರ್ಯದವರಿಲ್ಲ, ಎದುರಿಗೆ ಕೆಂಪಾಗುವ ಗಡಿಯಾರ ಇಟ್ಟಿದ್ದೇವೆ.

ತಾಂತ್ರಿಕ

ಚುಟುಕಾಗಿ ಹೇಳುತ್ತೇನೆ. ಕೆನ್ನೆಯ ಮೈಕು ಗಡ್ಡಕ್ಕೂ ಉದ್ದನೆಯ ಓಲೆಗೂ ಉಜ್ಜಿ ಸದ್ದು ಮಾಡುತ್ತದೆ, ಹಾಗಾಗಿ ಧ್ವನಿ ಪರೀಕ್ಷೆಗೆ ಕಾರ್ಯಕ್ರಮದ ದಿನ ತೊಡುವ ಉಡುಪಿನಲ್ಲೇ ಬರಬೇಕೆಂದು ಹೇಳಿದ್ದೇವೆ. ಸಣ್ಣ ಚೌಕುಳಿಯ ಅಂಗಿ ಬೇಡ, ಕ್ಯಾಮೆರಾದಲ್ಲಿ ಅಲೆಯಲೆಯಾಗಿ ಕಾಣುತ್ತದೆ. ಸ್ಲೈಡುಗಳೆಲ್ಲ ನಮ್ಮದೇ ಒಂದು ಲ್ಯಾಪ್‌ಟಾಪಿನಲ್ಲಿ, ಫಾಂಟುಗಳ ಸಮೇತ. ಭಾಷಣಕಾರರು ನಿಲ್ಲುವ ಕೆಂಪು ದುಂಡು ಜಮಖಾನ ಬಂದಿದೆ. ಅದರ ಅಂಚಿಗೆ ಎಡವದ ಹಾಗೆ ಸುತ್ತಲೂ ಟೇಪು ಹಾಕಿಸಬೇಕು.

ಆಸನ ಮತ್ತು ವಿರಾಮ

ಟಿಕೆಟ್ಟನ್ನು ಮೊದಲು ಬಂದವರಿಗೆ ಕೊಡದೆ ಅರ್ಜಿಯಿಂದ ಆರಿಸಿದೆವು. ಇದಕ್ಕೆ ‘ಇದೇನು ಶಾಲಾ ಪ್ರವೇಶವೇ’ ಎಂಬ ಟೀಕೆ ಬಂತು, ಬರಲಿ. ಒಂದೇ ಸಂಸ್ಥೆಯವರು ಗುಂಪಾಗಿ ಬಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋಗುವುದಾದರೆ ಅವರಿಗೆ ನಮ್ಮ ಸಭಾಂಗಣ ಯಾಕೆ ಬೇಕು? ಬ್ಯಾಡ್ಜಿನಲ್ಲಿ ಹೆಸರು ದಪ್ಪಕ್ಷರದಲ್ಲಿ, ಹುದ್ದೆ ಇಲ್ಲವೇ ಇಲ್ಲ. ಕೆಳಗೆ ‘ಇದರ ಬಗ್ಗೆ ನನ್ನನ್ನು ಕೇಳಿ’ ಎಂದು ಒಂದು ಸಾಲು, ಅದನ್ನು ತುಂಬುವುದು ಅವರವರೇ. ‘ಹಳೆಯ ಹೊಲಿಗೆ ಯಂತ್ರ’ ಎಂದು ಬರೆದವರು ನ್ಯಾಯಾಂಗದಲ್ಲಿ ದೊಡ್ಡ ಹುದ್ದೆಯಲ್ಲಿರುವವರು ಎಂದು ತಂಡಕ್ಕೆ ಮಾತ್ರ ಗೊತ್ತು.

ಎರಡು ದೊಡ್ಡ ವಿರಾಮಗಳನ್ನೂ ಮುಕ್ಕಾಲು ಗಂಟೆಗೆ ಹಿಗ್ಗಿಸಲು ಒಂದು ಭಾಷಣ ಬಿಡಬೇಕಾಯಿತು. ಮೊದಲ ವಿರಾಮಕ್ಕೆ ಮುಂಚಿನ ಜಾಗವನ್ನು ಕೊಟ್ಟಿರುವುದು ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟುವಂಥ ಭಾಷಣಕ್ಕಲ್ಲ. ಚಪ್ಪಾಳೆಯಾದ ಮೇಲೆ ಮಾತಾಡಲು ಏನೂ ಉಳಿಯುವುದಿಲ್ಲ. ‘ಮಕ್ಕಳ ಮನೆಪಾಠ ನಿಲ್ಲಿಸಿ’ ಎನ್ನುವ ಮೇಷ್ಟ್ರನ್ನು ಅಲ್ಲಿ ಹಾಕಿದ್ದೇವೆ. ಅರ್ಧ ಸಭೆ ಒಪ್ಪುವುದಿಲ್ಲ, ಬಾಗಿಲು ದಾಟುವಷ್ಟರಲ್ಲಿ ವಾದ ಶುರುವಾಗಿರುತ್ತದೆ. ಬಾವಲಿಯ ಭಾಷಣ ಎರಡನೇ ವಿರಾಮದ ಮುಂಚೆ.

ಇನ್ನು ಉಳಿದಿರುವುದು: ವಾದ್ಯ ನುಡಿಸುವವರಿಂದ ಸಂಗೀತದ ಹಕ್ಕುಪತ್ರಕ್ಕೆ ಸಹಿ, ಭಾಷಣಕಾರರು ಸರದಿಗೆ ಕಾಯುವ ‘ಹಸಿರು ಕೋಣೆ’ಗೆ ಪರದೆ, ಸಂಜೆಯ ಅವಧಿಯ ಅನುಕ್ರಮ. ಮೇಷ್ಟ್ರಿಗೆ ಈ ವಾರ ಇನ್ನೊಂದು ತಾಲೀಮು ಇದೆ. ಇನ್ನೂ 17 ನಿಮಿಷದಲ್ಲೇ ಇದ್ದಾರೆ, ಯಾವ ಉದಾಹರಣೆ ಬಿಡಲೂ ಒಪ್ಪುತ್ತಿಲ್ಲ.