ಪ್ಲಿಂತ್ ಮೇಲೆ ಸಡಿಲ, ಕುರ್ಚಿಯಲ್ಲಿ ಬಿಗಿ

ನಮ್ಮ ಫಿಜಿಯೋಥೆರಪಿ ವಿಭಾಗದ ಸಾಫ್ಟ್‌ವೇರ್‌ನಲ್ಲಿ ‘ಸೊಂಟದ ಕೀಲಿನ ಬಿಗಿತ’ ಎಂದು ಗುರುತು ಹಾಕಿದರೆ ಸಾಕು, ಹೋಂ ಪ್ರೋಗ್ರಾಮ್ ತಾನಾಗಿಯೇ ಪ್ರಿಂಟ್ ಆಗಿ ಬರುತ್ತದೆ: ಒಂದು ಮಂಡಿಯನ್ನು ನೆಲಕ್ಕೂರಿ ಸೊಂಟವನ್ನು ಮುಂದಕ್ಕೆ ತಳ್ಳುವ ಸ್ಟ್ರೆಚ್, ಪ್ರತಿ ಬದಿಗೆ 30 ಸೆಕೆಂಡು, ಮೂರು ಸಲ, ದಿನಕ್ಕೆ ಎರಡು ಹೊತ್ತು. ಯಾರಿಗೆ, ಯಾವಾಗ, ಏಕೆ ಬಿಗಿಯುತ್ತದೆ ಎಂದು ಅದು ಕೇಳುವುದಿಲ್ಲ. ಒಬ್ಬೊಬ್ಬರಿಗೆ 20 ನಿಮಿಷದ ಸ್ಲಾಟ್ ಕೊಟ್ಟಿರುವಾಗ ಕೇಳಲು ನಮಗೂ ಪುರುಸೊತ್ತಿರುವುದಿಲ್ಲ ಎಂಬುದು ಬೇರೆ ಮಾತು.

ದಿನವಿಡೀ ಲೆಕ್ಕಪತ್ರಗಳ ಮುಂದೆ ಕೂರುವವರೊಬ್ಬರು ಆ ಹಾಳೆಯನ್ನು ಚಾಚೂ ತಪ್ಪದೆ ಪಾಲಿಸಿ ರೀಅಸೆಸ್‌ಮೆಂಟಿಗೆ ಬಂದಿದ್ದರು. ಸೊಂಟದ ಮುಂಭಾಗದ ಸ್ನಾಯು ಗಿಡ್ಡವಾಗಿದೆಯೇ ಎಂದು ಮಲಗಿಸಿ ನೋಡುವ ಥಾಮಸ್ ಟೆಸ್ಟ್ ಮಾಡಿದೆ. ಎಡ ಮಂಡಿಯನ್ನು ಎದೆಗೆ ತಬ್ಬಿ ಹಿಡಿಯುವಂತೆ ಹೇಳಿ, ಬೆನ್ನಿನಡಿ ಕೈಯಿಟ್ಟು ಅದು ಕಮಾನಾಗಿಲ್ಲ ಎಂದು ಖಚಿತಪಡಿಸಿಕೊಂಡು ನೋಡಿದರೆ ಬಲದೊಡೆ ಚಿಕಿತ್ಸೆಯ ಮಂಚವಾದ ಪ್ಲಿಂತ್‌ಗೆ ಅಂಟಿಕೊಂಡಂತೆ ಚಪ್ಪಟೆಯಾಗಿ ಮಲಗಿತ್ತು. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಸೊನ್ನೆ ತೋರಿಸಿತು, ಅಂದರೆ ಬಿಗಿತವಿಲ್ಲ. ಬದಿ ಬದಲಿಸಿದಾಗಲೂ ಅಷ್ಟೇ. “ಸರಿಹೋಗಿದೆ ಸರ್, ಇನ್ನು ಡಿಸ್ಚಾರ್ಜ್ ಮಾಡಬಹುದು” ಎಂದೆ. ಅವರು ಎದ್ದು ಕುಳಿತು ತೊಡೆಸಂದಿಗೆ ಅಂಗೈ ಒತ್ತಿಕೊಂಡು, “ಏನೂ ಸರಿಹೋಗಿಲ್ಲ ಮೇಡಂ. ಕುರ್ಚಿ ಬಿಟ್ಟು ಎದ್ದರೆ ಮೊದಲಿನ ಹಾಗೇ ಹಿಡಿದುಕೊಳ್ಳುತ್ತದೆ” ಎಂದರು.

ಆಗ ಅವರನ್ನು ಎಬ್ಬಿಸಿ ನಡೆಸಿ ನೋಡುವ ಬದಲು ನಾನು ಮತ್ತೊಮ್ಮೆ ಮಲಗಿಸಿ ಅಳೆದೆ. ಮತ್ತೆ ಸೊನ್ನೆ ಬಂತು. ವ್ಯಾಯಾಮವನ್ನು ನಿಜವಾಗಿಯೂ ಮಾಡುತ್ತಿದ್ದೀರಾ ಎಂದು ಕೇಳಿದ ನನ್ನ ದನಿಯಲ್ಲಿ ಅನುಮಾನವಿದ್ದದ್ದು ಪಕ್ಕದ ಪರದೆಯಾಚೆ ನೋವಿಗೆ ಕೊಡುವ ವಿದ್ಯುತ್ ಚಿಕಿತ್ಸೆಯಾದ ಐಎಫ್‌ಟಿ ಹಾಕಿಸಿಕೊಂಡು ಮಲಗಿದ್ದವರಿಗೂ ಗೊತ್ತಾಗಿರಬೇಕು, ಏಕೆಂದರೆ ಅಲ್ಲಿನ ಮಾತು ಥಟ್ಟನೆ ನಿಂತಿತು. ನನ್ನೆದುರಿಗಿದ್ದವರು ಜೇಬಿನಿಂದ ಮಡಿಸಿದ ಹಾಳೆಯನ್ನು ತೆಗೆದು ಪ್ಲಿಂತ್ ಮೇಲೆ ಹರಡಿದರು; ಪ್ರತಿ ದಿನದ ಎದುರಿಗೂ ಎರಡೆರಡು ಗೀಟುಗಳಿದ್ದವು. “ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ?” ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಸ್ಲಾಟ್‌ನಲ್ಲಿ ಸಮಯವೂ ಉಳಿದಿರಲಿಲ್ಲ. ಐಎಫ್‌ಟಿಯ ಟೈಮರ್ ಕೂಗಿ, ಅದನ್ನು ಆರಿಸಲು ಬಂದ ಹಿರಿಯ ಸಹೋದ್ಯೋಗಿ ಹಾಳೆಯನ್ನೂ ನಮ್ಮಿಬ್ಬರ ಮುಖವನ್ನೂ ನೋಡಿ, “ಸರ್, ಆಫೀಸಿನಲ್ಲಿ ಹೇಗೆ ಕೂರುತ್ತೀರೋ ಹಾಗೇ ಇಲ್ಲಿ ಕೂತು, ಎದ್ದು ತೋರಿಸಿ” ಎಂದರು.

ಅವರು ಕುರ್ಚಿಯ ತುದಿಗೆ ಜಾರಿ, ಪಾದಗಳನ್ನು ಹಿಂದಕ್ಕೆಳೆದು ಕುರ್ಚಿಯ ಕಾಲುಗಳಿಗೆ ಸುತ್ತಿಕೊಂಡು, ಮುಂದಕ್ಕೆ ಬಾಗಿ ಕುಳಿತರು. ಏಳುವಾಗ ಎರಡೂ ಕೈಗಳನ್ನು ತೊಡೆಗೆ ಒತ್ತಿ ಮೇಲೆದ್ದರು. ಪೂರ್ತಿ ನೆಟ್ಟಗಾಗುವ ಮೊದಲೇ ಹೆಜ್ಜೆ ಹಾಕಿದ್ದರಿಂದ ಮೊದಲ ನಾಲ್ಕೈದು ಹೆಜ್ಜೆ ಬಾಗಿದ ಮೈಯಲ್ಲೇ ಸಾಗಿದವು. ಸಹಜ ನಡಿಗೆಯಲ್ಲಿ ಹಿಂದೆ ಉಳಿದ ಕಾಲು ಸೊಂಟದ ಕೀಲಿನಲ್ಲಿ ಸುಮಾರು 10 ಡಿಗ್ರಿಯಷ್ಟು ಹಿಂದಕ್ಕೆ ಚಾಚಬೇಕು. ಮಲಗಿದಾಗ ತೊಡೆ ಪೂರ್ತಿ ಚಪ್ಪಟೆಯಾಗಿ ಇಳಿಯುತ್ತಿದ್ದರೂ ನಡೆಯುವಾಗ ಅವರು ಆ ಕೋನದ ಹತ್ತಿರವೂ ಹೋಗುತ್ತಿರಲಿಲ್ಲ. ಬಳಿಕ ಕುಳಿತಲ್ಲೇ ಮಂಡಿಯನ್ನು ಸೊಂಟದ ಮಟ್ಟಕ್ಕಿಂತ ಮೇಲೆತ್ತಿ ಹಿಡಿಯಲು ಹೇಳಿದಾಗ ಬೆನ್ನು ಹಿಂದಕ್ಕೆ ವಾಲಿತು, ತೊಡೆ ನಡುಗಿತು. ಇಷ್ಟು ದಿನ ನಾವು ಎಳೆಯುತ್ತಿದ್ದ ಇಲಿಯೋಸೋವಾಸ್, ಅಂದರೆ ತೊಡೆಯನ್ನು ಮೇಲೆತ್ತುವ ಸ್ನಾಯು, ಗಿಡ್ಡವಾಗಿರಲಿಲ್ಲ, ದುರ್ಬಲವಾಗಿತ್ತು.

ಕೂತು ಕೂತು ಸ್ನಾಯು ಗಿಡ್ಡವಾಗಿಬಿಡುತ್ತದೆ ಎಂದು ರೋಗಿಗಳಿಗೆ ಹೇಳುವುದು ನಮ್ಮಲ್ಲಿ ವಾಡಿಕೆ. 1972ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಕ್ಕಿನ ಕಾಲಿಗೆ ಪ್ಲಾಸ್ಟರ್ ಹಾಕಿ ಮೀನಖಂಡದ ಸ್ನಾಯುವನ್ನು ಕುಗ್ಗಿದ ಸ್ಥಿತಿಯಲ್ಲೇ ಹಿಡಿದಿಟ್ಟಾಗ ಅದರ ಉದ್ದಕ್ಕೆ ಜೋಡಣೆಯಾಗಿರುವ, ಸ್ನಾಯುವನ್ನು ಸಂಕುಚಿಸುವ ಕಿರು ಘಟಕಗಳಾದ ಸಾರ್ಕೋಮಿಯರ್‌ಗಳು ಸುಮಾರು ಶೇ 40ರಷ್ಟು ಕಡಿಮೆಯಾದದ್ದು ನಿಜ. ಪ್ಲಾಸ್ಟರ್ ತೆಗೆದ ಮೇಲೆ ಅವು ಮರಳಿ ಬೆಳೆದದ್ದೂ ನಿಜ. ಆದರೆ ಕುರ್ಚಿ ಪ್ಲಾಸ್ಟರ್ ಅಲ್ಲ, ಅದರಲ್ಲಿ ಕೂರುವವರು ರಾತ್ರಿ ಕಾಲು ಚಾಚಿ ಮಲಗುತ್ತಾರೆ. ಕೆಲವು ವಾರಗಳ ಸ್ಟ್ರೆಚಿಂಗ್‌ನಿಂದ ಚಲನೆ ಹೆಚ್ಚಿದರೂ ಅದು ಬಹುಪಾಲು ಸೆಳೆತವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಿದ್ದರ ಫಲವೇ ಹೊರತು ಸ್ನಾಯು ಉದ್ದವಾದದ್ದರ ಫಲವಲ್ಲ. ಗಂಟೆಗಟ್ಟಲೆ ಒಂದೇ ಕೋನದಲ್ಲಿದ್ದು, ಬಲ ಬೇಕಾದ ಕಡೆ ಬಲವಿಲ್ಲದೆ ಏಳುವವರಿಗೆ ಅಳತೆಯಲ್ಲಿ ಏನೂ ಕಾಣದಿದ್ದರೂ ಬಿಗಿತ ಅನುಭವಕ್ಕೆ ಬರುತ್ತದೆ.

ಪ್ರಿಂಟ್ ಆದ ಹಾಳೆಯನ್ನು ಬದಿಗಿಟ್ಟು ಕೈಬರಹದಲ್ಲಿ ಬೇರೊಂದನ್ನು ಬರೆದುಕೊಟ್ಟೆವು. ಅರ್ಧ ಗಂಟೆಗೊಮ್ಮೆ ಏಳಬೇಕು. ಏಳುವಾಗ ಪಾದಗಳನ್ನು ಮಂಡಿಯಡಿಗೆ ತಂದು, ಕೈ ಊರದೆ ಎದ್ದು, ಪಿರ್ರೆಗಳನ್ನು ಬಿಗಿದು ಪೂರ್ತಿ ನೆಟ್ಟಗಾದ ಮೇಲೆಯೇ ಹೆಜ್ಜೆ ಹಾಕಬೇಕು. ಕೂರುವಾಗ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು. ಮೆಟ್ಟಿಲಿನ ಮೇಲೆ ಇಡೀ ಪಾದವನ್ನಿಟ್ಟು ಹಿಮ್ಮಡಿಯಿಂದ ಒತ್ತಿ ಹತ್ತಬೇಕು, ನಡೆಯುವಾಗ ಹಿಂದಿನ ಕಾಲು ಹಿಂದೆಯೇ ಒಂದು ಕ್ಷಣ ಹೆಚ್ಚು ಉಳಿಯಲಿ, ಪ್ರಿಂಟರ್ ಮುಂದೆ ಕಾಯುವಾಗ ಒಂದೊಂದೇ ಮಂಡಿಯನ್ನು ಮೇಲೆತ್ತಿ ಹಿಡಿಯಲಿ, ಫೋನ್ ಬಂದರೆ ಓಡಾಡಿಕೊಂಡೇ ಮಾತಾಡಲಿ. ನೆಲದ ಮೇಲೆ ಕೂರುವ ಅಭ್ಯಾಸವಿದ್ದರೆ ಒಂದೇ ಭಂಗಿಗೆ ಅಂಟಿಕೊಳ್ಳದೆ ಬದಲಿಸುತ್ತಿರಲಿ ಎಂದೂ ಬರೆದೆವು. ಚಕ್ಕಳಮಕ್ಕಳ ಹಾಕಿದಾಗ ಮಂಡಿ ನೆಲ ಮುಟ್ಟದಿದ್ದರೆ ಒತ್ತಿ ಮುಟ್ಟಿಸಬೇಕಿಲ್ಲ, ಏಕೆಂದರೆ ತೊಡೆಮೂಳೆಯ ಕತ್ತು ಮತ್ತು ಆ ಮೂಳೆಯ ತಲೆ ಕೂರುವ ಗುಳಿ ಯಾವ ಕಡೆಗೆ ತಿರುಗಿವೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಮೂಳೆಯನ್ನು ಸ್ಟ್ರೆಚ್ ಮಾಡಲಾಗದು. ಮಂಡಿಯನ್ನು ಎದೆಗೆ ತಂದಾಗ ತೊಡೆಸಂದಿನ ಆಳದಲ್ಲಿ ಚುಚ್ಚಿದಂತಾಗುವವರಿಗೆ, ರಾತ್ರಿ ನೋವಿನಿಂದ ಎಚ್ಚರವಾಗುವವರಿಗೆ, ಕುಂಟುವವರಿಗೆ ಈ ಹಾಳೆಯೂ ಸಲ್ಲದು. ಅವರನ್ನು ಮೊದಲು ಆರ್ಥೋಗೆ, ಅಂದರೆ ಮೂಳೆ ತಜ್ಞರಿಗೆ, ರೆಫರ್ ಮಾಡಬೇಕು.

ಅವರಿಗೆ ಮೊದಲು ಹಗುರವೆನಿಸಿದ್ದು ಕುರ್ಚಿಯಿಂದ ಏಳುವುದು, ಆಮೇಲೆ ಮೆಟ್ಟಿಲು. ಗೋನಿಯೋಮೀಟರ್ ಮಾತ್ರ ಸೊನ್ನೆಯಲ್ಲೇ ಇದ್ದುದರಿಂದ ಸಾಫ್ಟ್‌ವೇರ್ ಅವರನ್ನು ‘ಪ್ರಗತಿ ಇಲ್ಲ’ ಎಂದು ಕೆಂಪಕ್ಷರದಲ್ಲಿ ತೋರಿಸಿತು; ಸೆಷನ್‌ಗಳನ್ನು ಏಕೆ ಮುಂದುವರಿಸಲಾಗಿದೆ ಎಂದು ಆಡಳಿತದವರು ನನ್ನಿಂದ ವಿವರಣೆಯನ್ನೂ ಕೇಳಿದರು. 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಎದ್ದು ಕೂತರು ಎಂಬುದನ್ನು ಈಗ ಎಲ್ಲರ ಕೇಸ್ ಶೀಟ್‌ನ ಷರಾದಲ್ಲಿ ಬರೆಯುತ್ತಿದ್ದೇನೆ. ಅದಕ್ಕೊಂದು ಪ್ರತ್ಯೇಕ ಕಾಲಂ ಕೊಡಿ ಎಂದು ಕಳಿಸಿದ ಮನವಿಗೆ, ಮುಂದಿನ ಅಪ್‌ಡೇಟ್‌ನಲ್ಲಿ ಪರಿಶೀಲಿಸಲಾಗುವುದು ಎಂಬ ಉತ್ತರ ಬಂದಿದೆ.